ಏರುದಾರಿಯ ಎರಡು ಕಾರುಗಳು

ಪುತ್ತೂರಿನಿಂದ ಸುಳ್ಯದ ಮೂಲಕ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ದಾರಿಯಾಗಲಿ, ಕಡಬದಿಂದ ಸುಬ್ರಹ್ಮಣ್ಯಕ್ಕೆ ಸಾಗುವ ದಾರಿಯಾಗಲಿ ಸಮತಟ್ಟಾದುದಲ್ಲ. ಮುಖ್ಯ ರಸ್ತೆಯಿಂದ ಅಡಿಕೆ ತೋಟದ ಮನೆಗಳಿಗೆ ಇಳಿಯುವ ಮಣ್ಣುದಾರಿಗಳಂತೂ ಇನ್ನಷ್ಟು ಕಡಿದು. ಹೆರಿಗೆ ನೋವು ಬಂದವಳನ್ನು ಮಳೆಗಾಲದ ರಾತ್ರಿ ಪೇಟೆಯ ಆಸ್ಪತ್ರೆಗೆ ಮುಟ್ಟಿಸಬೇಕಾದ ಮನೆಯವರಿಗೆ ಕಾರಿನ ವಿಷಯದಲ್ಲಿ ಇದ್ದ ಪ್ರಶ್ನೆ ಒಂದೇ: ಜನ ತುಂಬಿದರೆ ಏರು ಹತ್ತೀತೇ?

ಜೀಪನ್ನು ಬಿಟ್ಟರೆ ಈ ಪ್ರಶ್ನೆಯನ್ನು ಹಲವು ದಶಕ ಎದುರಿಸಿದ್ದು ಮುಖ್ಯವಾಗಿ ಎರಡು ಕಾರುಗಳು. ಒಂದು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾದ ಅಂಬಾಸಿಡರ್. ಇನ್ನೊಂದು, ಇಟಲಿಯ ಫಿಯೆಟ್ 1100. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಇದಕ್ಕೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಫಿಯೆಟ್ ಆಗಿಯೇ ಉಳಿಯಿತು.

ಎರಡರಲ್ಲೂ ಎಂಜಿನ್ ಮುಂದೆ, ಓಡಿಸುವ ಚಕ್ರಗಳು ಹಿಂದೆ. ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. ಗೇರ್‌ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲಿ. ಏರು ಹತ್ತುವಾಗ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಸಾಮಾನು ಇದ್ದರೆ ಓಡಿಸುವ ಚಕ್ರಗಳು ನೆಲವನ್ನು ಮತ್ತಷ್ಟು ಬಿಗಿಯಾಗಿ ಹಿಡಿಯುತ್ತವೆ. ಖಾಲಿ ಕಾರು ಮಾತ್ರ ನೆನೆದ ಮಣ್ಣಿನಲ್ಲಿ ಚಕ್ರ ತಿರುಗಿಸುತ್ತ ನಿಂತಲ್ಲೇ ನಿಲ್ಲುವುದುಂಟು. ತುಂಬಿದ ಕಾರು ಹತ್ತಿದ ಏರನ್ನು ಖಾಲಿ ಕಾರು ಹತ್ತಲಾರದ ವಿಚಿತ್ರಕ್ಕೆ ಕಾರಣ ಇದೇ.

ವ್ಯವಸ್ಥೆ ಒಂದೇ ಆದರೂ ಗುಣ ಬೇರೆ. ಫಿಯೆಟ್ಟಿನದು 1,089 ಸಿಸಿಯ ಸಣ್ಣ ಎಂಜಿನ್, ಹಗುರ ಮೈ. ತಿರುವುಗಳಲ್ಲಿ ಸಲೀಸು, ಪೆಟ್ರೋಲ್ ಖರ್ಚೂ ಕಡಿಮೆ. ನಾಲ್ಕು ಜನರ ಸಂಸಾರಕ್ಕೆ ಹೇಳಿ ಮಾಡಿಸಿದಂತಿತ್ತು. 1,489 ಸಿಸಿಯ ಅಂಬಾಸಿಡರ್ ಅದಕ್ಕಿಂತ ಒಂದಡಿಗೂ ಹೆಚ್ಚು ಉದ್ದ. ಫಿಯೆಟ್ಟಿನ ಚಕ್ರ 14 ಅಂಗುಲವಾದರೆ ಇದರದು 15. ಮಲಗಿಸಿದ ರೋಗಿಯ ಜೊತೆ ಇನ್ನಿಬ್ಬರಿಗೂ ಜಾಗ ಸಿಗುತ್ತಿತ್ತು. 1980ರಲ್ಲಿ ಡೀಸೆಲ್ ಅಂಬಾಸಿಡರ್ ಬಂದಾಗ ಬಾಡಿಗೆ ಓಡಿಸುವವರ ಲೆಕ್ಕಾಚಾರವೂ ಅದರ ಕಡೆಗೇ ವಾಲಿತು. ಮುಂಬಯಿಯ ಸಮತಟ್ಟು ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಮೆರೆದದ್ದು ಫಿಯೆಟ್ ಎಂಬುದನ್ನು ನೆನೆದರೆ, ಕಾರಿನ ಯೋಗ್ಯತೆಯನ್ನು ತೀರ್ಮಾನಿಸುವುದರಲ್ಲಿ ದಾರಿಯ ಪಾಲೆಷ್ಟು ಎಂಬುದು ತಿಳಿಯುತ್ತದೆ. ಆದರೆ ಗುಂಡ್ಯ ಹೊಳೆ ಉಕ್ಕಿ, ಕಡಬದ ಬಳಿ ಹೊಸ್ಮಠದ ಹಳೆಯ ಮುಳುಗು ಸೇತುವೆ ನೀರಿನಡಿ ಹೋದ ದಿನ ಎರಡೂ ಕಾರುಗಳು ಈಚೆ ದಡದಲ್ಲಿ ಸರಿಸಮಾನವಾಗಿ ಕಾಯಬೇಕಾಗಿತ್ತು!

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದ ಓಡುವ ಕಾರು. ಹಗುರ, ಮಿತವ್ಯಯ ಎಂಬ ಫಿಯೆಟ್ಟಿನ ಗುಣಗಳನ್ನೇ ಅದು ಇನ್ನೂ ಚೆನ್ನಾಗಿ ಒದಗಿಸಿದ್ದರಿಂದ ಮೊದಲು ಪೆಟ್ಟು ಬಿದ್ದದ್ದು ಫಿಯೆಟ್ಟಿಗೆ. 2000ದ ಆಸುಪಾಸಿನಲ್ಲಿ ಅದರ ತಯಾರಿಕೆ ನಿಂತಿತು. ಅಂಬಾಸಿಡರ್ 2014ರವರೆಗೆ ಬಾಳಿತು. ಅಷ್ಟರಲ್ಲಿ ತೋಟದ ದಾರಿಗಳು ಒಂದೊಂದಾಗಿ ಡಾಂಬರು, ಕಾಂಕ್ರೀಟು ಕಂಡವು. ಏರು ಹತ್ತೀತೇ ಎಂದು ಕೇಳುವವರೂ ಕಡಿಮೆಯಾದರು.