ಮಡಿಗೊಂದು ಕೊಡ: ಹಂಚಿಕೆಯ ತೋಟದಲ್ಲಿ ಹಿಂಗಾರಿ ಕಾಯಿಪಲ್ಲೆಯ ಒಂದು ಹಂಗಾಮು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲ್ಲೂಕುಗಳ ಹೆಸರು ಕೇಳಿದರೆ ಬಿಳಿಜೋಳ, ತೊಗರಿ, ಕಡಲೆ, ಲಿಂಬೆ ನೆನಪಾಗುತ್ತವೆ, ಕಾಯಿಪಲ್ಲೆ ನೆನಪಾಗುವುದಿಲ್ಲ. ಆದರೆ ಇಲ್ಲಿನ ರೊಟ್ಟಿಯ ಜೊತೆಗೆ ಪುಂಡಿಪಲ್ಲೆ, ಬದನಿಕಾಯಿ ಎಣಗಾಯಿ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು ಇಲ್ಲದ ಊಟ ಅಪರೂಪ. ಶಾಲೆಯ ಅಂಗಳ, ಅಂಗನವಾಡಿಯ ಹಿತ್ತಲು, ಮಹಿಳಾ ಸ್ವಸಹಾಯ ಸಂಘ ಹಿಡಿದ ಒಂದು ತುಂಡು ಭೂಮಿ, ಅಣ್ಣತಮ್ಮಂದಿರ ಪಾಲಿನ ಬಾವಿಯ ದಂಡೆ ಇಂಥ ಕಡೆ ಹಲವು ಕೈಗಳು ಸೇರಿ ಕಾಯಿಪಲ್ಲೆ ಬೆಳೆಯುವುದುಂಟು. ಅಂಥ ಹಂಚಿಕೆಯ ತೋಟದಲ್ಲಿ ಒಂದು ಹಂಗಾಮು ಹೇಗೆ ಸಾಗುತ್ತದೆ ಎಂಬುದರ ವಿವರ ಇಲ್ಲಿದೆ.

ನಾಲ್ಕು ತಾಲ್ಲೂಕು, ನಾಲ್ಕು ನೀರು

ಆಡಳಿತದ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳು ಈಗ ಹತ್ತಾಗಿವೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ಆಲಮೇಲ ಮತ್ತು ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾಗಿವೆ. ಇಡೀ ಸೀಮೆ ಉತ್ತರದ ಒಣ ವಲಯಕ್ಕೆ ಸೇರಿದ್ದು. ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರಿನಲ್ಲಿ. ಒಣ ಬೇಸಾಯದ ಸಂಶೋಧನೆಗಾಗಿ 1930ರ ದಶಕದಲ್ಲೇ ದೇಶದಲ್ಲಿ ಆರಿಸಿದ ಕೆಲವೇ ಸ್ಥಳಗಳಲ್ಲಿ ಆಗಿನ ಬಿಜಾಪುರವೂ ಒಂದು ಎಂದರೆ ಇಲ್ಲಿನ ಮಳೆಯ ಗುಣ ಗೊತ್ತಾಗುತ್ತದೆ.

ಮಳೆ ಒಂದೇ ಬಗೆಯದಾದರೂ ನೀರಿನ ಮೂಲ ಊರಿಂದೂರಿಗೆ ಬೇರೆ. ಇಂಡಿಯ ಲಿಂಬೆ ತೋಟಗಳು ಬಹುಮಟ್ಟಿಗೆ ಬಾವಿ ಮತ್ತು ಬೋರ್‌ವೆಲ್ ನಂಬಿವೆ. ಸಿಂದಗಿ ಮತ್ತು ಇಂಡಿಯ ಉತ್ತರದ ಅಂಚಿಗೆ ಭೀಮಾ ನದಿ ಇದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ದಕ್ಷಿಣದ ಮಗ್ಗುಲಿಗೆ ಕೃಷ್ಣೆ, ಅದರ ಮೇಲೆ ಆಲಮಟ್ಟಿ ಜಲಾಶಯ. ನಡುವೆ ತಾಳಿಕೋಟೆಯ ಹತ್ತಿರ ಹಾದು ಹೋಗುವ ಡೋಣಿಯ ದಂಡೆಯ ಎರಿ ಭೂಮಿ ಜೋಳಕ್ಕೆ ಹೆಸರುವಾಸಿ, ಆದರೆ ಅದರ ನೀರು ಉಪ್ಪು. ಹೀಗಾಗಿ ಹಂಚಿಕೆಯ ತೋಟ ಮಾಡುವವರು ಬೀಜಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮಗೆ ಸಿಗುವ ನೀರು ಯಾವುದು, ದಿನಕ್ಕೆ ಎಷ್ಟು?

ಹಂಚಿಕೆಯ ತೋಟದ ಹಿನ್ನೆಲೆ

ಹಲವರು ಸೇರಿ ಒಂದು ತುಂಡು ಭೂಮಿಯಲ್ಲಿ ತರಕಾರಿ ಬೆಳೆಯುವ ಪದ್ಧತಿ ಯುರೋಪಿನ ನಗರಗಳಲ್ಲಿ ಕೈಗಾರಿಕೆ ಬೆಳೆದ ಕಾಲಕ್ಕೆ ಬಲಗೊಂಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಉದ್ಯಾನವನಗಳೂ ತರಕಾರಿ ಮಡಿಗಳಾದವು. ಭಾರತದಲ್ಲಿ 1943ರಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಶುರುವಾಯಿತು. 1965ರ ಆಹಾರ ಕೊರತೆಯ ದಿನಗಳಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ದೆಹಲಿಯ ತಮ್ಮ ಸರ್ಕಾರಿ ನಿವಾಸದ ಹುಲ್ಲುಹಾಸನ್ನೇ ಉಳುಮೆ ಮಾಡಿಸಿದ್ದರು. ಆಲಮಟ್ಟಿ ಅಣೆಕಟ್ಟೆಗೆ 1964ರ ಮೇ 22ರಂದು ಅಡಿಗಲ್ಲು ಇಟ್ಟವರೂ ಅವರೇ. ಜಲಾಶಯಕ್ಕೆ ಅವರದೇ ಹೆಸರಿದೆ.

ನಮ್ಮ ಸೀಮೆಯಲ್ಲಿ ಹಂಚಿಕೆ ಹೊಸದಲ್ಲ. ಒಂದೇ ಬಾವಿಗೆ ನಾಲ್ಕು ಮನೆಯವರು ಪಾಳಿ ಹಚ್ಚಿಕೊಂಡು ನೀರು ಹಾಯಿಸುವುದು, ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ದುಡಿಯುವುದು ಹಳೆಯ ರೂಢಿ. ಇದಕ್ಕೆ ಹೊಸ ರೂಪ ಬಂದದ್ದು ಶಾಲೆಯ ಬಿಸಿಯೂಟದಿಂದ. 2002ರಲ್ಲಿ ಅಕ್ಷರ ದಾಸೋಹ ಯೋಜನೆ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಉದ್ಯೋಗ ಖಾತರಿ ಯೋಜನೆಯಡಿಯೂ ಶಾಲೆ, ಅಂಗನವಾಡಿಗಳಲ್ಲಿ ಇಂಥ ಕೈತೋಟಗಳು ಎದ್ದಿವೆ.

ಹಿಂಗಾರಿಯೇ ಏಕೆ?

ಮುಂಗಾರಿಯಲ್ಲಿ, ಅಂದರೆ ಜೂನ್ ಮೊದಲ ವಾರದ ಮಿರಗ ಮಳೆಯ ನಂತರ, ಪುಂಡಿ, ಬೆಂಡಿ, ಚವಳಿಕಾಯಿ, ಹೀರಿ, ಸೌತಿ ಹಾಕುವುದು ವಾಡಿಕೆ. ಆದರೆ ಈ ಸೀಮೆಯ ಮುಂಗಾರಿ ನಡುವೆ ಕೈಕೊಡುವುದು ಹೆಚ್ಚು. ಬಿದ್ದಾಗ ಎರಿ ಭೂಮಿ ಕಾಲಿಡಲಾರದಷ್ಟು ಅಂಟುತ್ತದೆ. ಹಸ್ತ, ಚಿತ್ತ ಮಳೆಗಳ ನಂತರದ ಹಿಂಗಾರಿ ಹಾಗಲ್ಲ. ನೆಲದೊಳಗೆ ಹಸಿ ಇರುತ್ತದೆ, ಬಾವಿಯಲ್ಲಿ ನೀರು ಏರಿರುತ್ತದೆ, ಚಳಿ ಬರುವುದರಿಂದ ಸೊಪ್ಪು, ಗಡ್ಡೆ, ಟೊಮ್ಯಾಟೊ ಎಲ್ಲಕ್ಕೂ ಹವೆ ಒಗ್ಗುತ್ತದೆ.

ಶಾಲೆಯ ತೋಟಕ್ಕೆ ಇನ್ನೊಂದು ಅನುಕೂಲವಿದೆ. ದಸರಾ ರಜೆ ಮುಗಿದು ಎರಡನೆಯ ಅವಧಿ ಶುರುವಾಗುವುದು ಅಕ್ಟೋಬರಿನಲ್ಲಿ, ಬೇಸಿಗೆ ರಜೆ ಏಪ್ರಿಲ್‌ನಲ್ಲಿ. ಹಿಂಗಾರಿ ಕಾಯಿಪಲ್ಲೆಯ ಹಂಗಾಮು ಈ ಅವಧಿಯೊಳಗೆ ಸರಿಯಾಗಿ ಕೂಡುತ್ತದೆ. ತಪ್ಪುವುದು ಒಂದೇ ಕಡೆ: ಸಸಿ ನಾಟಿಯ ಹದ ಮತ್ತು ದಸರಾ ರಜೆ ಒಟ್ಟಿಗೇ ಬರುತ್ತವೆ. ರಜೆಗೆ ಮುಂಚೆ ನೆಟ್ಟು ಬಾಗಿಲು ಹಾಕಿದರೆ ಹದಿನೈದು ದಿನಕ್ಕೆ ಸಸಿ ಒಣಗಿರುತ್ತದೆ. ಒಂದೋ ರಜೆಯಲ್ಲಿ ನೀರಿನ ಪಾಳಿ ಬರೆದಿಡಬೇಕು, ಇಲ್ಲವೇ ನಾಟಿಯನ್ನು ಶಾಲೆ ತೆರೆದ ಮೇಲೆ ಇಟ್ಟುಕೊಳ್ಳಬೇಕು.

ಮಣ್ಣು ಮತ್ತು ಮಡಿ

ಇಲ್ಲಿ ಹೆಚ್ಚಿನದು ಎರಿ ಭೂಮಿ. ಎತ್ತರದಲ್ಲಿ ಮಡ್ಡಿ, ಗರಸು. ಎರಿ ಮಣ್ಣಿನ ಜಿಗಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಕೆಲಸಕ್ಕೆ ಹದವಾಗಿದೆಯೇ ಎಂದು ನೋಡಲು ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಡಬೇಕು. ಉಂಡೆ ಹಾಗೇ ಕುಳಿತರೆ ಇನ್ನೂ ಹಸಿ, ಎರಡು ದಿನ ತಡೆಯಿರಿ. ಪುಡಿಪುಡಿಯಾಗಿ ಒಡೆದರೆ ಹದ. ಹಸಿ ಎರಿಯಲ್ಲಿ ಸಲಿಕೆ ಹಾಕಿದವರು ಇಡೀ ಹಂಗಾಮು ಹೆಂಟೆಯ ಜೊತೆ ಹೋರಾಡುತ್ತಾರೆ.

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಸುಮಾರು 101 ಚದರ ಮೀಟರ್. ಓಡಾಡಲು ದಾರಿ, ನೀರಿಗೆ ಕಾಲುವೆ, ಗೊಬ್ಬರದ ತಿಪ್ಪೆ ಬಿಟ್ಟರೆ 3 ಮೀಟರ್ ಉದ್ದ, 1 ಮೀಟರ್ ಅಗಲದ 20 ಮಡಿಗಳು ಕೂಡುತ್ತವೆ. ಒಂದು ಮೀಟರಿಗಿಂತ ಅಗಲ ಬೇಡ. ದಂಡೆಯಲ್ಲಿ ಕುಳಿತ ಮಗುವಿನ ಕೈ ನಡುವಿನ ಕಸಕ್ಕೆ ಮುಟ್ಟಬೇಕು, ಮಡಿಯನ್ನು ಯಾರೂ ತುಳಿಯಬಾರದು. ಮಳೆಗಾಲದಲ್ಲಿ ನೀರು ನಿಲ್ಲದಂತೆ ಏರುಮಡಿ, ಹಿಂಗಾರಿಯಲ್ಲಿ ನೀರು ಹಿಡಿಯುವಂತೆ ಸಮಮಡಿ ಅಥವಾ ಸ್ವಲ್ಪ ತಗ್ಗಿನ ಮಡಿ ಮಾಡುವುದು ಲೇಸು. ಪೂರ್ತಿ ಕೊಳೆತ ತಿಪ್ಪೆಗೊಬ್ಬರ ಮಡಿಗೆ ಎರಡು ಬುಟ್ಟಿ ಸಾಕು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳವೂ ಜೊತೆಗೇ ಬರುತ್ತದೆ.

ನೀರಿನ ಲೆಕ್ಕ

ಚಳಿಗಾಲದಲ್ಲಿ ಇಲ್ಲಿ ಬೆಳೆದು ನಿಂತ ಕಾಯಿಪಲ್ಲೆಗೆ ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಹಾಗಾದರೆ 3 ಚದರ ಮೀಟರಿನ ಮಡಿಗೆ ದಿನಕ್ಕೆ 15 ಲೀಟರ್, ಅಂದರೆ ಒಂದು ದೊಡ್ಡ ಕೊಡ. ಇಪ್ಪತ್ತು ಮಡಿಗೆ ಇಪ್ಪತ್ತು ಕೊಡ, 300 ಲೀಟರ್.

ದಿನಾ ಒಂದೊಂದು ಕೊಡ ಸುರಿಯಬೇಕೆಂದೇನಿಲ್ಲ. ಎರಿ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇರು ಬಿಟ್ಟ ಗಿಡಗಳಿಗೆ ನಾಲ್ಕೈದು ದಿನಕ್ಕೊಮ್ಮೆ ನಾಲ್ಕೈದು ಕೊಡ ಕೊಟ್ಟರೆ ಬೇರು ಆಳಕ್ಕಿಳಿಯುತ್ತದೆ. ಮಡ್ಡಿ ನೆಲದಲ್ಲಿ ಹೀಗಾಗದು. ಅಲ್ಲಿ ಎರಡು ದಿನಕ್ಕೊಮ್ಮೆಯಾದರೂ ಹಾಕಬೇಕು. ಜೋಳದ ಕಣಿಕೆ, ತೊಗರಿ ಹೊಟ್ಟು ಹರಡಿ ಮಣ್ಣು ಮುಚ್ಚಿದರೆ ಆರುವುದು ಕಡಿಮೆಯಾಗುತ್ತದೆ. ಮಕ್ಕಳು ಕೈ, ತಾಟು ತೊಳೆದ ನೀರನ್ನು ಸಣ್ಣ ಕಾಲುವೆಯಲ್ಲಿ ಹರಿಸಿ, ಜಲ್ಲಿ, ಮರಳಿನ ಗುಂಡಿಯಲ್ಲಿ ಸೋಸಿ ಬಳಸಬಹುದು. 60 ಮಕ್ಕಳು ತಲಾ ಮೂರು ಲೀಟರ್ ಬಳಸಿದರೂ 180 ಲೀಟರ್ ಆಯಿತು: ಹನ್ನೆರಡು ಕೊಡ. ಸಾಬೂನಿನ ನೀರನ್ನು ಬಾಳೆ, ನುಗ್ಗೆಯ ಬುಡಕ್ಕೆ ಬಿಡುವುದು ಒಳ್ಳೆಯದು, ಸೊಪ್ಪಿನ ಮಡಿಗೆ ಬೇಡ.

ನೆಲದ ಮೇಲೆ ಬಿಳಿ ಪೊರೆ ಕಟ್ಟಿದರೆ ಸವುಳು ಏರುತ್ತಿದೆ ಎಂದರ್ಥ. ಡೋಣಿಯ ಸುತ್ತ, ಕಾಲುವೆ ಕೆಳಗಿನ ತಗ್ಗು ಎರಿಯಲ್ಲಿ ಇದು ಸಾಮಾನ್ಯ. ಅಂಥಲ್ಲಿ ಉಳ್ಳಾಗಡ್ಡಿ, ಗಜ್ಜರಿ, ಬೀನ್ಸ್ ಸೊರಗುತ್ತವೆ. ಪಾಲಕ, ಬೀಟ್‌ರೂಟ್ ತಾಳಿಕೊಳ್ಳುತ್ತವೆ. ನಾವು ಪಾಲಕ ಎನ್ನುವ ಸೊಪ್ಪು ಬೀಟ್‌ರೂಟಿನ ಕುಲಕ್ಕೇ ಸೇರಿದ್ದು, ಆ ಗುಣ ಅದರಿಂದ ಬಂದದ್ದು.

ತಿಂಗಳಿಂದ ತಿಂಗಳಿಗೆ

ಆಗಸ್ಟ್ ಕೊನೆ, ಸೆಪ್ಟೆಂಬರ್: ಬದನಿ, ಮೆಣಸಿನಕಾಯಿ, ಟೊಮ್ಯಾಟೊ, ಉಳ್ಳಾಗಡ್ಡಿಯ ಸಸಿ ಮಡಿ. ಮೊದಲ ಮೂರಕ್ಕೆ ನಾಲ್ಕರಿಂದ ಆರು ವಾರ, ಉಳ್ಳಾಗಡ್ಡಿಗೆ ಆರೇಳು ವಾರ ಬೇಕು. ಉಳ್ಳಾಗಡ್ಡಿ ಬೀಜ ವರ್ಷ ಕಳೆದರೆ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ, ಹಳೆಯದನ್ನು ನಂಬಬಾರದು. ಬಾಗೇವಾಡಿ ಸೀಮೆಯ ತೆಲಗಿ ಊರಿನ ಹೆಸರಿನಲ್ಲೇ ‘ತೆಲಗಿ ಕೆಂಪು’ ಎಂಬ ನಾಟಿ ಉಳ್ಳಾಗಡ್ಡಿ ಇದೆ.

ಅಕ್ಟೋಬರ್: ನಾಟಿ. ಬದನಿಗೆ ಗಿಡದಿಂದ ಗಿಡಕ್ಕೆ ಎರಡಡಿ. ಉಳ್ಳಾಗಡ್ಡಿಗೆ ಸಾಲಿನ ನಡುವೆ 15, ಗಿಡದ ನಡುವೆ 10 ಸೆಂಟಿಮೀಟರ್; ಒಂದು ಮಡಿಗೆ 200 ಸಸಿ. ಮೆಂತ್ಯ, ಕೋತಂಬರಿ, ಪಾಲಕ, ರಾಜಗಿರಿ, ಮೂಲಂಗಿ ನೇರ ಬಿತ್ತನೆ. ಕೋತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜವಿರುತ್ತವೆ. ಅದನ್ನು ಗೋಣಿಯ ಮೇಲೆ ಹರವಿ ಹಲಗೆಯಿಂದ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಬಿತ್ತಿದರೆ ಮೊಳಕೆ ಸಮನಾಗಿ ಬರುತ್ತದೆ.

ನವೆಂಬರ್, ಡಿಸೆಂಬರ್: ಮೆಂತ್ಯ 25ರಿಂದ 30 ದಿನಕ್ಕೆ, ಪಾಲಕ ತಿಂಗಳು ದಾಟಿದ ಮೇಲೆ, ಮೂಲಂಗಿ 40–45 ದಿನಕ್ಕೆ ಕೈಗೆ ಬರುತ್ತವೆ. ಬದನಿ, ಟೊಮ್ಯಾಟೊ ನಾಟಿಯಾದ ಎರಡು ತಿಂಗಳ ಮೇಲೆ. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ತೋಟದ ಸೊಪ್ಪು ಬುತ್ತಿಗೆ ಸಿಕ್ಕಿರುತ್ತದೆ.

ಜನವರಿ, ಫೆಬ್ರುವರಿ: ಸಂಕ್ರಮಣದ ಹಿಂದಿನ ದಿನ ಭೋಗಿ. ಸಜ್ಜಿ ರೊಟ್ಟಿಯ ಜೊತೆಗೆ ಆ ಹಂಗಾಮಿನ ಕಾಯಿಪಲ್ಲೆ ಎಲ್ಲ ಬೆರೆಸಿ ಮಾಡುವ ಪಲ್ಯ ಹಿಂಗಾರಿ ತೋಟ ತುಂಬಿರುವುದಕ್ಕೆ ಸಾಕ್ಷಿ. ಉಳ್ಳಾಗಡ್ಡಿಯ ತಪ್ಪಲು ಬಾಗಿ ಬಿದ್ದರೆ ನೀರು ನಿಲ್ಲಿಸುವ ಕಾಲ.

ಮಾರ್ಚ್: ಬಿಸಿಲು ಏರಿದಂತೆ ಮಡಿಗೊಂದು ಕೊಡದ ಲೆಕ್ಕ ಒಂದೂವರೆ ಕೊಡಕ್ಕೆ ಹೋಗುತ್ತದೆ. ಬಾವಿಯೂ ಇಳಿದಿರುತ್ತದೆ. ಹಂಗಾಮು ಮುಗಿಸುವುದು ಜಾಣತನ.

ಹುಳ ಮತ್ತು ರೋಗ

ಬದನಿ ಗಿಡದ ಒಂದು ಕುಡಿ ಮಾತ್ರ ಬೆಳಗಿನ ತಂಪಿನಲ್ಲೂ ಜೋತು ಬಿದ್ದಿದ್ದರೆ ಅದು ನೀರಿನ ಕೊರತೆಯಲ್ಲ. ಕುಡಿಯನ್ನು ಚಿವುಟಿ ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಹುಳ ಕಾಣುತ್ತದೆ. ಕುಡಿ ಮತ್ತು ಕಾಯಿಕೊರಕ ಹುಳ ಇದೇ; ಮುಂದೆ ಕಾಯಿಗೂ ಇಳಿಯುತ್ತದೆ. ಇದನ್ನು ತಡೆಯಲೆಂದು ರೂಪಿಸಿದ ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಸಣ್ಣ ತೋಟಕ್ಕೆ ಮದ್ದು ಸುಲಭ: ವಾರಕ್ಕೆರಡು ಸಲ ಬಾಡಿದ ಕುಡಿ ಕಿತ್ತು ಸುಡುವುದು. ಹತ್ತು ಮಕ್ಕಳ ಕಣ್ಣು ಯಾವ ಔಷಧಿಗೂ ಕಡಿಮೆಯಲ್ಲ.

ಮೋಡ ಕವಿದ ಚಳಿಗೆ ಹೇನು, ಮೆಣಸಿನಕಾಯಿಗೆ ಮುಟುರು, ಬೆಂಡಿಗೆ ಬಿಳಿನೊಣದಿಂದ ಹಬ್ಬುವ ಹಳದಿ ನರದ ರೋಗ ಬರುತ್ತವೆ. ತೋಟದ ಸುತ್ತ ಎರಡು ಸಾಲು ಜೋಳ ಅಥವಾ ಗೋವಿನಜೋಳ ಹಾಕಿದರೆ ಹಾರಿ ಬರುವ ಕೀಟಕ್ಕೆ ಅಡ್ಡಿಯಾಗುತ್ತದೆ. ಲೀಟರಿಗೆ 50 ಗ್ರಾಂ ಬೇವಿನ ಬೀಜದ ಪುಡಿ ನೆನೆಸಿ ಸೋಸಿದ ಕಷಾಯವನ್ನು ಸಂಜೆ ಸಿಂಪಡಿಸಬಹುದು. ಮಕ್ಕಳು ತಿನ್ನುವ ಸೊಪ್ಪಿಗೆ ವಿಷದ ಔಷಧಿ ಬೇಡವೇ ಬೇಡ. ಆಡು, ಹಂದಿಗಳಿಗೆ ಜಾಲಿ ಮುಳ್ಳಿನ ಬೇಲಿಯೇ ಗತಿ. ಗುರುತು ಸಿಗದ ರೋಗ ಕಂಡರೆ ಇಂಡಿ ಮತ್ತು ವಿಜಯಪುರದ ಕೃಷಿ ವಿಜ್ಞಾನ ಕೇಂದ್ರಗಳಿಗೆ ಎಲೆ ಒಯ್ದು ತೋರಿಸಬಹುದು.

ಬೆಳೆದದ್ದು ಎಷ್ಟು, ಯಾರಿಗೆ?

ಬಿಸಿಯೂಟದ ನಿಯಮದಂತೆ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ತರಕಾರಿ ಕೊಡಬೇಕು. 60 ಚಿಕ್ಕ ಮಕ್ಕಳಿಗೆ ದಿನಕ್ಕೆ 3 ಕಿಲೋ ಬೇಕು. ಹದವಾಗಿ ಬೆಳೆದ ಒಂದು ಮೆಂತ್ಯದ ಮಡಿ ಕೊಡುವುದು ಎರಡು, ಮೂರು ಕಿಲೋ; ಅಂದರೆ ಒಂದು ದಿನದ ಅಡುಗೆ. ಇಪ್ಪತ್ತೂ ಮಡಿಗೆ ಒಂದೇ ದಿನ ಮೆಂತ್ಯ ಬಿತ್ತಿದರೆ ಒಂದು ವಾರ ಹಬ್ಬ, ಆಮೇಲೆ ಉಪವಾಸ. ವಾರಕ್ಕೊಂದು ಮಡಿಯಂತೆ ಬಿತ್ತುತ್ತ ಹೋದರೆ ವಾರಕ್ಕೊಂದು ದಿನ ತೋಟದ ಸೊಪ್ಪು ಸಾರಿಗೆ ಬೀಳುತ್ತದೆ. ಒಂದು ಗುಂಟೆಯ ತೋಟ ಸಂತೆಯನ್ನು ಪೂರ್ತಿ ತಪ್ಪಿಸಲಾರದು, ಆದರೆ ತಾಟಿನಲ್ಲಿ ಹಸಿರು ತಪ್ಪದಂತೆ ನೋಡಿಕೊಳ್ಳಬಲ್ಲದು.

ಸಂಘದ ತೋಟದಲ್ಲಿ ಹಂಚಿಕೆಗೆ ಎರಡು ದಾರಿ. ಮಡಿಗಳನ್ನೇ ಮನೆಗಿಷ್ಟು ಎಂದು ಹಂಚುವುದು ಒಂದು. ಎಲ್ಲರೂ ಎಲ್ಲ ಮಡಿಗೆ ದುಡಿದು ಬೆಳೆ ಹಂಚುವುದು ಇನ್ನೊಂದು. ಮೊದಲನೆಯದರಲ್ಲಿ ಜಗಳ ಕಡಿಮೆ, ಎರಡನೆಯದರಲ್ಲಿ ಬೆಳೆಯ ಬಗೆ ಹೆಚ್ಚು. ಎರಡರಲ್ಲೂ ತೋಟ ಕೆಡುವುದು ನೀರಿನ ಪಾಳಿ ತಪ್ಪಿದಾಗ.

ಬೀಜ ಉಳಿಸುವುದು

ನಾಟಿ ತಳಿಯಾದರೆ ಪ್ರತಿ ಬೆಳೆಯಲ್ಲಿ ಆರೋಗ್ಯದ ಎರಡು, ಮೂರು ಗಿಡಗಳನ್ನು ಕೊಯ್ಯದೆ ಬಿಡಬೇಕು. ಬದನಿಕಾಯಿ ಹಳದಿಯಾಗಿ ಮೆತ್ತಗಾಗುವವರೆಗೆ, ಬೆಂಡಿ ಗಿಡದಲ್ಲೇ ಒಣಗಿ ಬಿರಿಯುವವರೆಗೆ ಕಾಯಬೇಕು. ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜ ಮುಂದಿನ ವರ್ಷ ಅದೇ ಗುಣ ತೋರುವುದಿಲ್ಲ. ನೆರಳಲ್ಲಿ ಒಣಗಿಸಿದ ಬೀಜವನ್ನು ಬೂದಿ ಬೆರೆಸಿ ಡಬ್ಬಿಗೆ ಹಾಕಿ, ಊರು, ತಿಂಗಳು ಬರೆದ ಚೀಟಿ ಅಂಟಿಸಿದರೆ ಮುಂದಿನ ಆಗಸ್ಟಿಗೆ ಪೇಟೆಗೆ ಓಡುವುದು ತಪ್ಪುತ್ತದೆ.

ಈ ವರ್ಷ ಶಾಲೆಯಲ್ಲೋ ಸಂಘದಲ್ಲೋ ತೋಟ ಮಾಡುವ ಯೋಚನೆ ಇದ್ದವರು ಬೀಜದ ಪಾಕೀಟು ತರುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ದಿನಕ್ಕೆ ಸಿಗುವ ಕೊಡಗಳ ಸಂಖ್ಯೆ, ಬಲಗಡೆ ರಜೆಯ ದಿನಗಳೂ ಸೇರಿ ಯಾರ ಪಾಳಿ ಎಂದು ಬರೆಯಿರಿ. ಎಷ್ಟು ಕೊಡವೋ ಅಷ್ಟೇ ಮಡಿ ಹಾಕಿ. ಐದೇ ಕೊಡ ಸಿಗುವುದಾದರೆ ಐದೇ ಮಡಿ ಸಾಕು.