ಕಡತ: ಒರೆಸಿ ಬರೆದ ಬಟ್ಟೆಯಿಂದ ಕಾಗದದ ಕಟ್ಟಿನವರೆಗೆ

ನವಲಗುಂದದ ತಹಶೀಲ್ದಾರ ಕಚೇರಿಯಲ್ಲಿ ‘ಕಡತ’ವೆಂದರೆ ಇಂದು ದಾರ ಕಟ್ಟಿದ ಕಾಗದದ ಕಟ್ಟು. ಈ ಪದ ಹಿಂದೆ ಸೂಚಿಸುತ್ತಿದ್ದುದು ಕಾಗದವನ್ನೇ ಬೇಡದ ಬರಹಸಾಧನವನ್ನು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿಗಳನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಬಳಪದಿಂದ ಬರೆದ ಲೆಕ್ಕವನ್ನು ಕೆಲಸ ಮುಗಿದ ಮೇಲೆ ಒರೆಸಬಹುದಿತ್ತು. ಕಪ್ಪು ಮಾಸಿದರೆ ಮತ್ತೆ ಬಳಿಯಬಹುದಿತ್ತು.

ಬಾಳಬೇಕಾದ ಬರಹಕ್ಕೆ ಓಲೆಯಿತ್ತು. ನವಲಗುಂದಕ್ಕೆ ಬಹುದೂರವಲ್ಲದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ, ರನ್ನನಿಂದ ಅಜಿತಪುರಾಣ (993) ಬರೆಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಜೈನರು ಶಾಸ್ತ್ರದಾನವೆಂದ ಈ ಕಾರ್ಯದಲ್ಲಿ ಪ್ರತಿ ಹೆಚ್ಚಿಸುವುದು ಅಪವ್ಯಯವಲ್ಲ. ಪ್ರತಿ ಹೆಚ್ಚಿದಷ್ಟೂ ಕೃತಿ ಉಳಿಯುವ ಸಾಧ್ಯತೆ ಹೆಚ್ಚು. ಆದರೂ ಲಿಪಿಕಾರರು ಓಲೆಯನ್ನು ಪೋಲು ಮಾಡುತ್ತಿರಲಿಲ್ಲ. ಎರಡೂ ಮಗ್ಗುಲಲ್ಲಿ, ಪದಗಳ ನಡುವೆ ತೆರಪಿಲ್ಲದೆ, ಪದ್ಯವನ್ನೂ ಪಾದ ಮುರಿಯದೆ ಬರೆಯುತ್ತಿದ್ದರು.

ಕಡತದ ಮಿತವ್ಯಯಕ್ಕೆ ಇತಿಹಾಸ ಬೆಲೆಯನ್ನೂ ತೆತ್ತಿದೆ. ಒರೆಸಿದ್ದು ಮರಳಿ ಬಾರದು. ಒರೆಸದೆ ಉಳಿದುದರಿಂದಲೇ ಶೃಂಗೇರಿ ಮಠದ ಕಡತಗಳು ಇಂದು ಸಂಶೋಧಕರಿಗೆ ಆಕರಗಳಾಗಿವೆ. ಆದ್ದರಿಂದ ಕಾಗದ ಉಳಿಸುವವರು ಮೊದಲು ಕೇಳಿಕೊಳ್ಳಬೇಕಾದುದು, ಈ ಬರಹ ಎಷ್ಟು ಕಾಲ ಬಾಳಬೇಕು ಎಂಬುದನ್ನು. ಮನೆಯ ದಿನದ ಲೆಕ್ಕಕ್ಕೆ ಪಾಟಿ ಸಾಕು. ಕಚೇರಿಯ ಕರಡಿಗೆ ಒಂದು ಮಗ್ಗುಲು ಖಾಲಿಯಿರುವ ಹಳೆಯ ಹಾಳೆ ಸಾಕು. ಹಕ್ಕುಪತ್ರಕ್ಕೂ ಠರಾವಿಗೂ ಬಾಳುವ ಕಾಗದವೇ ಬೇಕು. ಗಣಕಯಂತ್ರದ ಪರದೆಯ ಮೇಲೂ ಸರ್ಕಾರ ‘ಕಡತ’ವೆಂಬ ಹೆಸರನ್ನೇ ಉಳಿಸಿಕೊಂಡಿದೆ. ಅಲ್ಲಿಯೂ ಒರೆಸುವ ಮುನ್ನ ಈ ಪ್ರಶ್ನೆ ಏಳಬೇಕು.