ಮನೋರೋಗಿಯ ದಾಖಲೆ: ಸತ್ಯವೂ ಗೌಪ್ಯವೂ

ಮನೋರೋಗಕ್ಕೆ ಚಿಕಿತ್ಸೆ ನೀಡುವವರು ಬರೆದಿಡುವ ಟಿಪ್ಪಣಿಗೆ ಎರಡು ಧರ್ಮಗಳಿವೆ. ನಡೆದುದನ್ನು ನಡೆದಂತೆ ಬರೆಯುವುದು ಒಂದು. ಬರೆದುದನ್ನು ಅನ್ಯರ ಕಣ್ಣಿಗೆ ಬೀಳದಂತೆ ಕಾಯುವುದು ಮತ್ತೊಂದು. ಇವೆರಡೂ ಒಮ್ಮೊಮ್ಮೆ ಪರಸ್ಪರ ವಿರುದ್ಧವಾಗಿ ನಿಲ್ಲುತ್ತವೆ. ಇವುಗಳ ಹೊಂದಾಣಿಕೆ ಹೇಗೆಂಬುದನ್ನು ಮನುಷ್ಯರು ಬಹುಕಷ್ಟದಿಂದ ಕಲಿತರು.

ಇಂಗ್ಲೆಂಡಿನ ಯಾರ್ಕ್ ನಗರದ ಹುಚ್ಚಾಸ್ಪತ್ರೆಯಲ್ಲಿ 1790ರಲ್ಲಿ ಹನ್ನಾ ಮಿಲ್ಸ್ ಎಂಬ ಕ್ವೇಕರ್ ಪಂಥದ ಮಹಿಳೆ ಮರಣ ಹೊಂದಿದಳು. ಆಕೆಯನ್ನು ಕಾಣಲು ಸ್ವಪಂಥೀಯರಿಗೆ ಅವಕಾಶ ದೊರೆತಿರಲಿಲ್ಲ. ಇದರಿಂದ ನೊಂದ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ಮುಂದಾಗಿ ನಿಂತು, 1796ರಲ್ಲಿ ‘ರಿಟ್ರೀಟ್’ ಎಂಬ ದಯಾಪರ ಆಶ್ರಯವನ್ನು ತೆರೆಯಿಸಿದನು. ಹಳೆಯ ಆಸ್ಪತ್ರೆಯ ಸ್ಥಿತಿಯನ್ನು ಗಾಡ್‌ಫ್ರೆ ಹಿಗಿನ್ಸ್ ಎಂಬ ನ್ಯಾಯಾಧಿಕಾರಿ 1813ರಿಂದ ಶೋಧಿಸಿದಾಗ, ನೂರಕ್ಕೂ ಹೆಚ್ಚು ಮರಣಗಳು ವರದಿಗಳಲ್ಲಿ ಮರೆಯಾಗಿದ್ದುದು ಬೆಳಕಿಗೆ ಬಂತು. 1815ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ಇಂತಹ ಆಸ್ಪತ್ರೆಗಳ ವಿಚಾರಣೆ ನಡೆಸಿತು. ಲೆಕ್ಕ ಸುಳ್ಳಾದರೆ ವ್ಯಾಪಾರದಲ್ಲಿ ಹಣ ಹೋಗುತ್ತದೆ. ಇಲ್ಲಿ ಹೋದುದು ಜೀವ.

1845ರ ಶಾಸನವು ಅಲ್ಲಿನ ಆಸ್ಪತ್ರೆಗಳು ಪ್ರತಿ ರೋಗಿಯ ವೃತ್ತಾಂತ ಪುಸ್ತಕವನ್ನು ಇಡಬೇಕೆಂದು ವಿಧಿಸಿತು. ಹೀಗೆ ಸತ್ಯದ ಧರ್ಮಕ್ಕೆ ಕಾನೂನಿನ ಬಲ ಬಂತು.

ಗೌಪ್ಯದ ಪ್ರಶ್ನೆ ತೀವ್ರವಾದುದು ಮಾತೇ ಔಷಧಿಯಾದಾಗ. ರೋಗಿಯ ಎದುರಿಗೆ ವಿಸ್ತಾರವಾಗಿ ಬರೆದುಕೊಳ್ಳುವುದು ತರವಲ್ಲವೆಂದು ಸಿಗ್ಮಂಡ್ ಫ್ರಾಯ್ಡ್ 1912ರಲ್ಲಿ ವೈದ್ಯರಿಗೆ ತಿಳಿಸಿದನು. ಬರೆಯುವವನು ತನಗೆ ಬೇಕಾದುದನ್ನಷ್ಟೇ ಆರಿಸಿಕೊಳ್ಳುತ್ತಾನೆ, ಕೇಳುವ ಮನಸ್ಸು ಚದುರುತ್ತದೆ ಎಂಬುದು ಅವನ ಆಕ್ಷೇಪ. ಆದರೆ ಅನೇಕರು ಕೂಡಿ ಶುಶ್ರೂಷೆ ಮಾಡುವ ಆಸ್ಪತ್ರೆಯಲ್ಲಿ ಒಬ್ಬರ ನೆನಪು ಸಾಲದು. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ದಾಖಲೆಯು ರೋಗಿಯ ಸಮಸ್ಯೆಗಳನ್ನು ಅನುಸರಿಸುತ್ತದೆ. ರೋಗಿ ಹೇಳಿದುದು, ವೈದ್ಯರು ಕಂಡುದು, ಅದರಿಂದ ತಿಳಿದುದು, ಮುಂದೆ ಮಾಡತಕ್ಕುದು ಇವು ಬೇರೆ ಬೇರೆಯಾಗಿ ನಿಲ್ಲುತ್ತವೆ. ಊಹೆಯು ಕಂಡ ಸಂಗತಿಯೊಡನೆ ಬೆರೆಯದಿರುವುದೇ ಇದರ ದೊಡ್ಡ ಗುಣ.

1996ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಮನೋಚಿಕಿತ್ಸಕರೊಡನೆ ಆಡಿದ ಮಾತಿಗೆ ರಕ್ಷಣೆ ನೀಡಿತು. 2003ರಿಂದ ಪಾಲನೆಗೆ ಬಂದ ಅಲ್ಲಿನ ನಿಯಮದಂತೆ ಚಿಕಿತ್ಸಕರು ಬೇರೆಯಾಗಿರಿಸಿದ ಸ್ವಂತ ಟಿಪ್ಪಣಿಗೆ ವಿಶೇಷ ರಕ್ಷಣೆಯಿದೆ. ಔಷಧಿ, ರೋಗನಿರ್ಣಯ, ಭೇಟಿಯ ಸಮಯಗಳು ಸಾಮಾನ್ಯ ದಾಖಲೆಗೆ ಸೇರುತ್ತವೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಕಲಮು ಗೌಪ್ಯದ ಹಕ್ಕನ್ನೂ, 25ನೆಯ ಕಲಮು ರೋಗಿಗೆ ತನ್ನ ಮೂಲ ವೈದ್ಯಕೀಯ ದಾಖಲೆಯನ್ನು ನೋಡುವ ಹಕ್ಕನ್ನೂ ಕೊಟ್ಟಿವೆ. ರೋಗಿಗೆ ತೀವ್ರ ಮಾನಸಿಕ ಹಾನಿಯೋ ಪರರಿಗೆ ಅಪಾಯವೋ ಆಗುವಂತಿದ್ದರೆ ಮಾತ್ರ ಕೆಲವು ಅಂಶಗಳನ್ನು ತಡೆಹಿಡಿಯಬಹುದು.

ಆದುದರಿಂದ ಚಿಕಿತ್ಸಾಲಯ ಇಲ್ಲವೆ ಸಲಹಾಕೇಂದ್ರ ನಡೆಸುವ ಟ್ರಸ್ಟುಗಳು ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ಟಿಪ್ಪಣಿಯನ್ನು ಅಂದಂದೇ, ದಿನಾಂಕ ಸಹಿಗಳೊಡನೆ ಬರೆಯಬೇಕು. ತಿದ್ದುವುದಾದರೆ ಹಳೆಯದನ್ನು ಅಳಿಸಬಾರದು. ಚಿಕಿತ್ಸೆಗೆ ಬೇಕಿಲ್ಲದ ಮನೆಮಾತನ್ನು ಬರೆಯಲೇಬಾರದು. ದಾನಿಯಾಗಲಿ, ಟ್ರಸ್ಟಿಯಾಗಲಿ, ಸಂಬಂಧ ನೋಡಬಂದ ಬೀಗರಾಗಲಿ ಆ ಪುಸ್ತಕವನ್ನು ತೆರೆಯುವ ಅಧಿಕಾರವುಳ್ಳವರಲ್ಲ. ರೋಗಿ ನಂಬಿ ಒಪ್ಪಿಸಿದ ಒತ್ತೆ ಅದು. ಒತ್ತೆಯನ್ನು ಬಳಸಿಕೊಳ್ಳುವ ಹಕ್ಕು ಕಾಯುವವನಿಗಿಲ್ಲ.